‘ಪೂನ್ ಸ್ಪಾರ್’: ಹಡಗಿನ ಕಂಬದ ಹೆಸರಿನಲ್ಲಿರುವುದು ಯಾವ ಹೊನ್ನೆ?

ವಿರಾಜಪೇಟೆಯ ಬಳಿಯ ನಮ್ಮ ಐನ್‌ಮನೆಯ ಅಟ್ಟದಲ್ಲಿ ಸಿಕ್ಕ ಹಳೆಯ ನಾಟಾ ಲೆಕ್ಕದ ಪುಸ್ತಕವೊಂದರಲ್ಲಿ ‘ಪೂನ್ ಸ್ಪಾರ್ 3, ಉದ್ದ 60 ಅಡಿ’ ಎಂದು ಕನ್ನಡದಲ್ಲೇ ಬರೆದಿದೆ. ಇದು ಪೂನಾಕ್ಕೆ ಕಳುಹಿಸಿದ ಮರದ ಲೆಕ್ಕವೆಂದು ಮನೆಯ ಹಿರಿಯರು ನಂಬಿದ್ದರು. ಆದರೆ ಸ್ಪಾರ್ ಎಂಬುದು ನಾವಿಕರ ಮಾತು. ಹಾಯಿಹಡಗಿನಲ್ಲಿ ನೆಟ್ಟಗೆ ನಿಲ್ಲುವ ಕೂವೆಮರವೂ ಹಾಯಿಯನ್ನು ಬಿಗಿಯಲು ಅದಕ್ಕೆ ಅಡ್ಡಲಾಗಿ ಕಟ್ಟುವ ತೊಲೆಯೂ ಇಂಗ್ಲಿಷಿನಲ್ಲಿ ಸ್ಪಾರ್‌ಗಳೇ. ನಮ್ಮ ‘ಕೂವೆಮರ’ ನಿಲುಗಂಬಕ್ಕೆ ಮಾತ್ರ ಸಲ್ಲುವುದರಿಂದ ಅದನ್ನು ಇದಕ್ಕೆ ಸಾಟಿಯಾಗಿ ಬಳಸಲಾಗದು.

ತೊಡಕಿರುವುದು ಮರದ ಹೆಸರಾದ ‘ಪೂನ್’ನಲ್ಲಿ. ಭಾರತದ ಇಂಗ್ಲಿಷರ ಬಳಕೆಯ ಮಾತುಗಳನ್ನು ವಿವರಿಸುವ 1886ರ ಹಾಬ್ಸನ್-ಜಾಬ್ಸನ್ ಕೋಶವು ಇದರ ಮೂಲವಾಗಿ ಕನ್ನಡದ ‘ಪೊನ್ನೆ’ಯನ್ನು, ಅಂದರೆ ‘ಹೊನ್ನೆ’ಯ ಹಳೆಯ ರೂಪವನ್ನು, ಕೊಡುತ್ತದೆ. ಆದರೆ ಇಂಗ್ಲಿಷರು ಈ ಕರಾವಳಿಗೆ ಬರುವ ಹೊತ್ತಿಗೆ ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಗಿ ಶತಮಾನಗಳೇ ಕಳೆದಿದ್ದವು. ಕನ್ನಡಿಗರ ಬಾಯಿಂದ ಕೇಳಿ ಬರೆದುಕೊಂಡಿದ್ದರೆ ಹಕಾರವೇ ಉಳಿಯಬೇಕಿತ್ತು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಮ್ಮ ಪುತ್ತರಿಯೇ ಕನ್ನಡದ ಹುತ್ತರಿ. ಹಾಗಾಗಿ ಪಕಾರವನ್ನು ಉಳಿಸಿಕೊಂಡ ತುಳುವಿನ ‘ಪೊನ್ನೆ’ಯೋ ಮಲಯಾಳದ ‘ಪುನ್ನ’ವೋ ಇಂಗ್ಲಿಷಿನ ಹಡಗು ಹತ್ತಿರಬೇಕೆಂದು ನನ್ನ ಎಣಿಕೆ. (‘ಹಾಯಿ’ಯ ಕಥೆಯೂ ಇಂಥದೇ. ತಮಿಳಿನ ‘ಪಾಯ್’ ಎಂದರೆ ಚಾಪೆಯೂ ಹೌದು, ಹಡಗಿನ ಹಾಯಿಯೂ ಹೌದು. ಚಾಪೆ ಹೆಣೆದು ಹಾಯಿ ಕಟ್ಟುತ್ತಿದ್ದ ಕಾಲದ ಗುರುತು ಆ ಪದದಲ್ಲಿದೆ.)

ಇನ್ನು ಮರ ಯಾವುದು? ನಮ್ಮ ನಾಟಾ ವ್ಯಾಪಾರಿಗಳು ‘ಹೊನ್ನೆ’ ಎನ್ನುವುದು ಕಚ್ಚು ಹಾಕಿದರೆ ನೆತ್ತರಿನಂಥ ಕೆಂಪು ಅಂಟು ಸುರಿಸುವ ಮರಕ್ಕೆ; ಅದು ಬೇರೆಯೇ ಕುಲದ್ದು. ಹಿಂದೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಕಡಲಂಚಿನ ಹೊನ್ನೆ ಪೂನಿನ ಕುಲದ್ದೇ ಆದರೂ ಹೆಚ್ಚಾಗಿ ವಾಲಿಕೊಂಡು ಡೊಂಕಾಗಿ ಬೆಳೆಯುವುದರಿಂದ, 60 ಅಡಿಯ ನೇರ ಕಂಬವನ್ನು ಅದರಿಂದ ತೆಗೆಯುವುದು ಕಷ್ಟ. ನಮ್ಮ ಲೆಕ್ಕದ ಪುಸ್ತಕದ ಮರವು ಘಟ್ಟದ ನಿತ್ಯಹಸುರಿನ ಕಾಡಿನಲ್ಲಿ ಬಹಳ ಎತ್ತರದವರೆಗೆ ಕೊಂಬೆಯೊಡೆಯದೆ ನೆಟ್ಟಗೆ ಏರುವ, ಸಸ್ಯಶಾಸ್ತ್ರದಲ್ಲಿ ಕ್ಯಾಲೊಫಿಲಮ್ ಪಾಲಿಆಂಥಮ್ ಎನಿಸಿಕೊಂಡ ಮರವೇ ಇರಬೇಕು.

ಮಾಕುಟ್ಟ, ಭಾಗಮಂಡಲದ ಕಡೆಯ ಮರಗೆಲಸದವರು ಈ ಮರವನ್ನು ಪಕಾರದ ಹೆಸರಿನಿಂದ ಕರೆಯುವುದನ್ನು ಯಾರಾದರೂ ಕೇಳಿದ್ದೀರಾ? ಕೊಡವ ತಕ್ಕಿನಲ್ಲಿ ಅಂಥ ರೂಪವಿದ್ದರೆ, ಹೆಸರು ಕರಾವಳಿಯದೆಂಬ ನನ್ನ ವಾದವನ್ನು ತಿದ್ದಿಕೊಳ್ಳಬೇಕಾಗುತ್ತದೆ.