ಪೈಲಟ್ ಕೆಲಸಕ್ಕೆ ರೆಸ್ಯೂಮ್: ಕಾಫಿ ತೋಟದಲ್ಲಿ ಕಳೆದ ಎಂಟು ತಿಂಗಳನ್ನು ಏನಂತ ಬರೆಯಲಿ?

ಬೇತ್ರಿ ಹೊಳೆ

ಎಲ್ಲರಿಗೂ ನಮಸ್ಕಾರ. ನನ್ನೂರು ವಿರಾಜಪೇಟೆ ಹತ್ತಿರ. ಕಳೆದ ನವೆಂಬರ್‌ನಲ್ಲಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕೈಗೆ ಬಂತು. ಆಮೇಲೆ ಕಾಫಿ ಕೊಯ್ಲು, ಅಪ್ಪನ ಮಂಡಿನೋವು, ಅದು ಇದು ಅಂತ ಎಂಟು ತಿಂಗಳು ಮನೆಯಲ್ಲೇ ಕಳೆಯಿತು. ಈಗ ಒಂದು ಕಂಪನಿ ಎಟಿಆರ್ ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನಕ್ಕೆ ಟ್ರೈನಿ ಫಸ್ಟ್ ಆಫೀಸರ್, ಅಂದರೆ ಕಲಿಯುವ ಸಹ-ಪೈಲಟ್‌ಗಳನ್ನು ಕರೆದಿದೆ. ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಇಲ್ಲದವರೂ ಅರ್ಜಿ ಹಾಕಬಹುದು. ಕೊನೇ ದಿನಕ್ಕೆ ಇನ್ನು ಒಂಬತ್ತು ದಿನ ಇದೆ.

ನನ್ನ ರೆಸ್ಯೂಮ್ ಮೂರು ಪುಟ ಆಗಿದೆ. ಮೇಲೆ ಫೋಟೋ, ಆಮೇಲೆ ‘ಶ್ರಮಜೀವಿ, ಎಲ್ಲರ ಜೊತೆ ಹೊಂದಿಕೊಳ್ಳುವವನು’ ಅಂತ ಒಂದು ಪ್ಯಾರಾ, ಪಿಯುಸಿ ಅಂಕ, ಹಾಕಿ ಆಟದಲ್ಲಿ ಗೆದ್ದ ಕಪ್ಪುಗಳು. ಎರಡನೇ ಪುಟದಲ್ಲಿ ಹಾರಾಟ: ಒಟ್ಟು 223+ ಗಂಟೆ. ಲಾಗ್‌ಬುಕ್‌ನಲ್ಲಿ ವಿಮಾನದ್ದು 203:40, ಸಿಮ್ಯುಲೇಟರ್ 20. ಎರಡೂ ಕೂಡಿಸಿದ್ದೇನೆ.

ಕವರ್ ಲೆಟರ್ ಹೀಗೆ ಶುರುವಾಗುತ್ತದೆ: ‘ಚಿಕ್ಕಂದಿನಿಂದಲೂ ಆಕಾಶದಲ್ಲಿ ಹಾರುವ ಹಕ್ಕಿಗಳನ್ನು ನೋಡುತ್ತಾ ಬೆಳೆದ ನಾನು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ನಾಡಿನವನು...’ ಪತ್ರ ಇಂಗ್ಲಿಷಿನಲ್ಲಿದೆ, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ ಅಷ್ಟೇ.

ಎಂಟು ತಿಂಗಳ ಗ್ಯಾಪ್ ಕಾಣದ ಹಾಗೆ ಮಾಡಬಹುದಾ? ತೋಟದ ವಿಷಯ ಬರೆದರೆ ನಗುತ್ತಾರಾ? ಕಕ್ಕಡ ತಿಂಗಳ ಮಳೆ, ಮನೆಯಲ್ಲಿ ಕರೆಂಟೂ ಇಲ್ಲ, ರೇಂಜೂ ಇಲ್ಲ. ಉತ್ತರ ಕೊಡುವುದು ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.

ನಾಲ್ಕುನಾಡು ಅಕ್ಕ

ತಮ್ಮ, ನಾನು ನಾಪೋಕ್ಲು ಕಡೆಯವಳು. ಎಟಿಆರ್‌ನಲ್ಲೇ ಫಸ್ಟ್ ಆಫೀಸರ್.

ಮೊದಲು ಆ 223+ ತೆಗೆ. ಇವತ್ತೇ. ಸಿಮ್ಯುಲೇಟರ್ ಗಂಟೆಗೆ ಬೇರೆ ಸಾಲು. ‘+’ ಚಿಹ್ನೆ ಯಾಕೆ? ಪೈಲಟ್ ರೆಸ್ಯೂಮಿನಲ್ಲಿ ‘ಸುಮಾರು’ ಅನ್ನುವ ಮಾತೇ ಇಲ್ಲ. 203:40 ಅಂದರೆ 203:40. ಲಾಗ್‌ಬುಕ್‌ನ ಕೊನೇ ಪುಟದಲ್ಲಿ ಏನಿದೆಯೋ ಅದೇ, ನಿಮಿಷ ಸಮೇತ. ಸಿಪಿಎಲ್‌ಗೆ ವಿಮಾನಯಾನ ಇಲಾಖೆ ಡಿಜಿಸಿಎ ಕೇಳುವುದೇ 200 ಗಂಟೆ, ಅದರಲ್ಲಿ 100 ಪಿಐಸಿ, ಅಂದರೆ ವಿಮಾನದ ಹೊಣೆ ನಿನ್ನದೇ ಆಗಿ ಹಾರಿದ್ದು. ನಿನ್ನ ಜೊತೆ ಅರ್ಜಿ ಹಾಕುವವರದ್ದೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಇಪ್ಪತ್ತು ಗಂಟೆ ಜಾಸ್ತಿ ತೋರಿಸಿ ನೀನು ಯಾರನ್ನೂ ಹಿಂದೆ ಹಾಕುವುದಿಲ್ಲ. ಸುಮ್ನೆ ಸಿಕ್ಕಿಬೀಳುತ್ತೀಯ.

ನನ್ನ ಕಥೆ ಕೇಳು. ನಾನು ಕಲಿತಿದ್ದು ಹೊರದೇಶದಲ್ಲಿ. ಅಲ್ಲಿ ವಿಮಾನದ ಮೀಟರ್ ಗಂಟೆಯನ್ನು ಹತ್ತು ಭಾಗ ಮಾಡಿ ಎಣಿಸುತ್ತದೆ. 1.3 ಅಂದರೆ 1 ಗಂಟೆ 18 ನಿಮಿಷ. ಊರಿಗೆ ಬಂದು ಲಾಗ್‌ಬುಕ್‌ನಲ್ಲಿ ಗಂಟೆ-ನಿಮಿಷಕ್ಕೆ ಇಳಿಸುವಾಗ ಹದಿನೈದು ಕಡೆ 1:30 ಅಂತ ಬರೆದುಬಿಟ್ಟಿದ್ದೆ. ಒಂದೊಂದಕ್ಕೆ 12 ನಿಮಿಷ, ಒಟ್ಟು ಮೂರು ಗಂಟೆ. ಒಂದು ಕಂಪನಿಯ ದಾಖಲೆ ಪರಿಶೀಲನೆಯಲ್ಲಿ ಮೇಜಿನ ಆ ಕಡೆ ಕೂತಿದ್ದವರು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದರು. ಒಂದು ಮಾತೂ ಬೈಯಲಿಲ್ಲ. ‘ಸರಿಮಾಡಿಕೊಂಡು ಬನ್ನಿ’ ಅಂದರು ಅಷ್ಟೇ. ಆ ಬ್ಯಾಚು ಹೋಯಿತು. ಮುಂದಿನ ಬ್ಯಾಚು ಕರೆಯುವಷ್ಟರಲ್ಲಿ ಹನ್ನೊಂದು ತಿಂಗಳು. ಹೊಟ್ಟೆ ಉರಿದಿದ್ದು ಈಗಲೂ ನೆನಪಿದೆ.

ರೆಸ್ಯೂಮ್ ಒಂದೇ ಪುಟ ಇರಲಿ. ಹೆಸರು, ಫೋನ್ ಆದ ಕೂಡಲೇ ಲೈಸೆನ್ಸ್: ಸಿಪಿಎಲ್, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್, ಆರ್‌ಟಿಆರ್ (ರೇಡಿಯೋ ಲೈಸೆನ್ಸ್), ಇಂಗ್ಲಿಷ್ ಪ್ರಾವೀಣ್ಯದ ಲೆವೆಲ್, ಕ್ಲಾಸ್ 1 ಮೆಡಿಕಲ್ (ಆರೋಗ್ಯ ಸರ್ಟಿಫಿಕೇಟ್). ಯಾವುದಕ್ಕೆ ಅವಧಿ ಇದೆಯೋ ಅದರ ಪಕ್ಕದಲ್ಲಿ ಮುಗಿಯುವ ತಾರೀಖು. ಆಮೇಲೆ ಗಂಟೆಗಳ ಪಟ್ಟಿ: ಒಟ್ಟು, ಪಿಐಸಿ, ಡ್ಯುಯಲ್ (ಕಲಿಸುವವರ ಜೊತೆ ಹಾರಿದ್ದು), ಮಲ್ಟಿ, ರಾತ್ರಿ, ಇನ್‌ಸ್ಟ್ರುಮೆಂಟ್. ಯಾವ ವಿಮಾನದಲ್ಲಿ ಎಷ್ಟು ಅಂತಲೂ ಹಾಕು. ಸೆಸ್ನಾ 172 ಆಗಿದ್ದರೆ ಜಿ1000 ಅನ್ನುವ ಡಿಜಿಟಲ್ ಪರದೆ ಇತ್ತೋ, ಹಳೇ ಮುಳ್ಳಿನ ಮೀಟರುಗಳೋ ಅದನ್ನೂ ಹೇಳು. ಕೊನೇ ಹಾರಾಟದ ತಾರೀಖು ತಪ್ಪದೆ ಬರೆ. ಮುಚ್ಚಿಟ್ಟರೆ ಮೊದಲನೇ ಪ್ರಶ್ನೆಯೇ ಅದು. ಪಿಯುಸಿ ಫಿಸಿಕ್ಸ್, ಮ್ಯಾಥ್ಸ್ ಕೆಳಗೆ ಒಂದು ಸಾಲಿನಲ್ಲಿ ಮುಗಿಸು. ‘ಶ್ರಮಜೀವಿ’ ಪ್ಯಾರಾ ಬೇಡ. ಸೋಮಾರಿ ಅಂತ ಯಾರಾದರೂ ಬರೆದುಕೊಳ್ಳುತ್ತಾರಾ?

ಇನ್ನೊಂದು, ನಮ್ಮ ಕೊಡವರ ಹೆಸರಿನ ಫಜೀತಿ. ಮಾರ್ಕ್ಸ್ ಕಾರ್ಡಿನಲ್ಲಿ ಮನೆಹೆಸರು ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ, ಲೈಸೆನ್ಸಿನಲ್ಲಿ ಹಿಂದೆಮುಂದೆ. ರೆಸ್ಯೂಮಿನಲ್ಲಿ ಲೈಸೆನ್ಸಿನಲ್ಲಿದ್ದ ಹಾಗೇ ಬರೆ. ದಾಖಲೆಗಳಲ್ಲಿ ವ್ಯತ್ಯಾಸ ಇದ್ದರೆ ಕರೆ ಬರುವವರೆಗೆ ಕಾಯದೆ ಈಗಲೇ ಅಫಿಡವಿಟ್ ಮಾಡಿಸಿಡು.

ತೋಟದ ವಿಷಯಕ್ಕೆ ಯಾರೂ ನಗುವುದಿಲ್ಲ. ಆದರೆ ‘ಫ್ಯಾಮಿಲಿ ಬಿಸಿನೆಸ್’ ಅಂತ ದೊಡ್ಡದು ಮಾಡಬೇಡ. ನೀನು ನಿಜವಾಗಿ ಏನು ಮಾಡಿದೆ ಹೇಳು.

ಬೇತ್ರಿ ಹೊಳೆ

ಅಕ್ಕ, 223 ತೆಗೆದೆ. ಪಿಐಸಿ 104:20, ಡ್ಯುಯಲ್ 99:20. ಕೂಡಿಸಿ ನೋಡಿದೆ, ಸರಿಯಾಗಿ 203:40 ಬರುತ್ತದೆ.

ತೋಟದಲ್ಲಿ ಬೆಳಗ್ಗೆ ಆಳುಗಳ ಹಾಜರಿ ಬರೆಯುವುದು, ಸಂಜೆ ಹಣ್ಣು ತೂಗಿ ಲೆಕ್ಕ ಇಡುವುದು, ಶನಿವಾರ ಬಟವಾಡೆ. ಹದಿನೆಂಟು ಜನ ಇದ್ದರು. ರಾತ್ರಿ ಮೆಟ್ (ಹವಾಮಾನ), ನ್ಯಾವಿಗೇಷನ್ ಪುಸ್ತಕ ತಿರುವಿಹಾಕುತ್ತಿದ್ದೆ.

ಮಾಜಿ ಸಾರ್ಜೆಂಟ್, ಮಡಿಕೇರಿ

ಏರ್‌ಫೋರ್ಸಿನಲ್ಲಿ ಇಪ್ಪತ್ತು ವರ್ಷ ವಿಮಾನದ ರಿಪೇರಿ-ತಪಾಸಣೆ ದಾಖಲೆ ಫಾರಂ 700ಕ್ಕೆ ಸಹಿ ಹಾಕಿದವನು ನಾನು. ಮಾಡದ ಕೆಲಸಕ್ಕೆ ಸಹಿ ಹಾಕಿದರೆ ಏನಾಗುತ್ತದೆ ಅಂತ ಗೊತ್ತು. ಹಾಗಾಗಿ ಗಂಟೆಯ ವಿಷಯದಲ್ಲಿ ಆ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ.

ದೇವಯ್ಯನವರ ಹೆಸರು ಪತ್ರದಿಂದ ತೆಗಿ ಮಗ. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರು ಹಾರಿಸುತ್ತಿದ್ದುದು ಮಿಸ್ಟೇರ್. ಎದುರಿಗೆ ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ಅದನ್ನು ಹೊಡೆದು ಉರುಳಿಸಿದರು, ತಾವು ವಾಪಸ್ ಬರಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆ ದಿನ ಅಲ್ಲಿ ಏನಾಯಿತು ಅಂತ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಪಾಕಿಸ್ತಾನದ ಕಡೆಯ ವಿವರ ಹೊರಬಿದ್ದ ಮೇಲೆ ತಿಳಿಯಿತು. ತಾನು ಮಾಡಿದ್ದನ್ನು ಹೇಳಿಕೊಳ್ಳಲು ಆ ಮನುಷ್ಯ ಇರಲೇ ಇಲ್ಲ. ಅವರ ಹೆಸರು ಹಿಡಿದು ನೀನು ಕೆಲಸ ಕೇಳುವುದಾ? ಮಡಿಕೇರಿಯಲ್ಲಿ ಅವರ ಪ್ರತಿಮೆ ಮುಂದೆ ಬಂದಾಗ ಒಂದು ನಮಸ್ಕಾರ ಹಾಕು, ಸಾಕು.

ತೋಟದ ಮಾತು ನನ್ನ ಲೆಕ್ಕದಲ್ಲಿ ಬೇಡ. ವಿಮಾನ ಕಂಪನಿಗೆ ಕಾಫಿ ಹಣ್ಣಿನ ತೂಕ ಯಾಕೆ?

ನಾಲ್ಕುನಾಡು ಅಕ್ಕ

ಅಂಕಲ್, ದೇವಯ್ಯನವರ ಬಗ್ಗೆ ನೀವು ಹೇಳಿದ್ದಕ್ಕೆ ಎರಡು ಮಾತಿಲ್ಲ. ತೋಟದ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಖಾಲಿ ಬಿಟ್ಟರೆ ಎಂಟು ತಿಂಗಳು ಮಲಗಿದ್ದ ಅಂದುಕೊಳ್ಳುತ್ತಾರೆ. ಒಂದು ಸಾಲು ಸಾಕು: ‘ಡಿಸೆಂಬರ್‌ನಿಂದ ಕುಟುಂಬದ ಕಾಫಿ ತೋಟದ ಉಸ್ತುವಾರಿ, ಕೊಯ್ಲಿನಲ್ಲಿ 18 ಜನರ ಹಾಜರಿ, ತೂಕ, ಬಟವಾಡೆ.’ ದಿನಾ ಸಂಜೆ ಲೆಕ್ಕ ತಾಳೆ ಹಾಕುವ ಹುಡುಗ ಅಂತ ಅದರಿಂದಲೇ ಗೊತ್ತಾಗುತ್ತದೆ. ಹಾಕಿಯೂ ಒಂದು ಸಾಲು, ಕಪ್ಪುಗಳ ಪಟ್ಟಿ ಬೇಡ.

ತಮ್ಮ, ಪತ್ರದಲ್ಲಿ ಹಕ್ಕಿ ಬೇಡ. ಅರ್ಜಿ ಹಾಕಿದವರೆಲ್ಲರ ಪತ್ರದಲ್ಲೂ ಹಕ್ಕಿ ಹಾರುತ್ತಿರುತ್ತದೆ. ಮೊದಲು ಕನ್ನಡದಲ್ಲಿ, ಅಮ್ಮನಿಗೆ ಹೇಳುವ ಹಾಗೆ ಬಾಯಲ್ಲಿ ಹೇಳಿನೋಡು: ಯಾವ ಕೆಲಸ, ನನ್ನ ಹತ್ತಿರ ಏನಿದೆ, ಏನಿಲ್ಲ, ಎಟಿಆರ್ ಯಾಕೆ. ಆಮೇಲೆ ಇಂಗ್ಲಿಷಿಗೆ ಇಳಿಸು.

ಬೇತ್ರಿ ಹೊಳೆ

ಅಂಕಲ್, ತಪ್ಪಾಯಿತು. ತೆಗೆದೆ.

ಗುಡ್ಡದ ಮೇಲೆ ಕೊಡೆ ಹಿಡಿದು ನಿಂತು ಇದನ್ನು ಹಾಕುತ್ತಿದ್ದೇನೆ. ಹೊಸ ಪತ್ರ ಹೀಗಿದೆ:

‘ನಿಮ್ಮ ಎಟಿಆರ್ ಟ್ರೈನಿ ಫಸ್ಟ್ ಆಫೀಸರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ಸಿಪಿಎಲ್, ಮಲ್ಟಿ ಎಂಜಿನ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಇದೆ. ಒಟ್ಟು ಹಾರಾಟ 203:40, ಅದರಲ್ಲಿ ಪಿಐಸಿ 104:20. ಟೈಪ್ ರೇಟಿಂಗ್ ಇಲ್ಲ. ಕಳೆದ ಅಕ್ಟೋಬರ್ ನಂತರ ಹಾರಿಲ್ಲ. ಆ ಅವಧಿಯಲ್ಲಿ ಮನೆಯ ತೋಟ ನೋಡಿಕೊಂಡು ಥಿಯರಿ ಓದಿದ್ದೇನೆ. ನನ್ನ ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ದೊಡ್ಡ ಜೆಟ್ ಇಳಿಯದ ಸಣ್ಣ ಊರುಗಳಿಗೆ ಹೋಗುವ ವಿಮಾನದಲ್ಲಿ ಕೆಲಸ ಮಾಡಬೇಕೆಂಬ ಆಸೆ ನನಗೆ ಹುಟ್ಟಿದ್ದು ಅದರಿಂದ. ಯಾವ ಬೇಸ್ ಕೊಟ್ಟರೂ ಬರುತ್ತೇನೆ.’

ಸಾಕಾ ಅಕ್ಕ?

ನಾಲ್ಕುನಾಡು ಅಕ್ಕ

ಸಾಕು. ಪಿಡಿಎಫ್ ಮಾಡಿ ಕಳಿಸು. ಫೈಲಿನ ಹೆಸರು ‘ಫೈನಲ್ ಫೈನಲ್ 2’ ಅಂತ ಇರಬಾರದು, ನಿನ್ನ ಹೆಸರು ಇರಲಿ. ‘ಕೂರ್ಗ್ ಬುಲೆಟ್’ ತರದ ಇಮೇಲ್ ಐಡಿ ಇದ್ದರೆ ಹೊಸದು ಮಾಡಿಕೋ.

ನಿನ್ನ ಕ್ಲಾಸ್ 1 ಮೆಡಿಕಲ್ ಎಲ್ಲಿಯವರೆಗೆ ಇದೆ ಅಂತ ಹೇಳಲೇ ಇಲ್ಲವಲ್ಲ?

ಬೇತ್ರಿ ಹೊಳೆ

ಸೆಪ್ಟೆಂಬರ್ 4ರವರೆಗೆ ಅಕ್ಕ.

ನಾಲ್ಕುನಾಡು ಅಕ್ಕ

ಹಾಗಾದರೆ ಗುಡ್ಡ ಇಳಿಯಬೇಡ. ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಹಚ್ಚಿ ದಿನ ಗೊತ್ತುಮಾಡು.