ಫಿಲ್ಮ್ ಬಾಗುವ ಬದಲು ಸುತ್ತಿಕೊಳ್ಳುತ್ತಿದೆ, ನಿಮಗೂ ಹೀಗಾಗಿತ್ತಾ?

ಕೇಳಿದ್ದು, ಕಾರವಾರದಿಂದ: ಎಂಎಸ್ಸಿ ಪ್ರಾಜೆಕ್ಟ್‌ಗೆ ಅಜೋಬೆಂಜೀನ್ (ಬೆಳಕು ಬಿದ್ದರೆ ಆಕಾರ ಬದಲಿಸುವ ಅಣು) ಇರುವ ಲಿಕ್ವಿಡ್ ಕ್ರಿಸ್ಟಲ್ ಪಾಲಿಮರ್ ಫಿಲ್ಮ್, ಅಂದರೆ ಅಣುಗಳು ಸಾಲಾಗಿ ನಿಲ್ಲುವ ತೆಳು ಪ್ಲಾಸ್ಟಿಕ್ ಹಾಳೆ, ಮಾಡುತ್ತಿದ್ದೇನೆ. ಪಿವಿಎ (ನೀರಿನಲ್ಲಿ ಕರಗುವ ಪಾಲಿಮರ್) ಲೇಪಿಸಿ, ಅಣುಗಳು ಸಾಲಾಗಲಿ ಅಂತ ಬಟ್ಟೆಯಿಂದ ಉಜ್ಜಿದ ಗಾಜುಗಳ ನಡುವೆ. 365 ನ್ಯಾನೋಮೀಟರ್ ಯುವಿ ಬಿಟ್ಟರೆ ಪಟ್ಟಿ ಬೆಳಕಿನ ಕಡೆ ನೇರವಾಗಿ ಬಾಗಬೇಕು. ನನ್ನದು ಒಂದು ಬಾಗುತ್ತದೆ, ಇನ್ನೊಂದು ಸ್ಪ್ರಿಂಗ್ ಥರ ಸುತ್ತಿಕೊಳ್ಳುತ್ತದೆ. ಕೆಲವದರಲ್ಲಿ ಮಚ್ಚೆ ಬೇರೆ. ಮಳೆ ಶುರುವಾದ ಮೇಲೆ ಜಾಸ್ತಿ. ಅಣುಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸಲು ನೀವೆಲ್ಲ ಏನು ಮಾಡುತ್ತೀರಿ?

ಶಿರಸಿಯಿಂದ: ತಂಗಿ, ನಾನು ಒಂದು ತಿಂಗಳು ಸುಮ್ನೆ ಅಣುಗಳನ್ನು ಬೈದೆ. ತಪ್ಪು ಇದ್ದಿದ್ದು ಬ್ಲೇಡಿನಲ್ಲಿ. ಫಿಲ್ಮ್ ಬಾಗುವುದು ಅಣುಗಳು ಮಲಗಿದ ದಿಕ್ಕಿಗೆ. ಪಟ್ಟಿಯನ್ನು ಅದಕ್ಕೆ ಓರೆಯಾಗಿ ಕೊಯ್ದರೆ ಸುತ್ತಿಕೊಳ್ಳದೆ ಇನ್ನೇನು ಮಾಡೀತು? ಉಜ್ಜಿದ ದಿಕ್ಕಿಗೆ ಗಾಜಿನ ಮೇಲೆ ಬಾಣ ಬರೆದಿದ್ದೆ. ಬಿಸಿನೀರಿನಲ್ಲಿ ಫಿಲ್ಮ್ ಬಿಟ್ಟುಕೊಂಡು ತೇಲಿತು, ಬಾಣ ಗಾಜಿನಲ್ಲೇ ಉಳಿಯಿತು! ಈಗ ಮೇಲಿನ ಗಾಜು ತೆಗೆದ ಕೂಡಲೇ ಫಿಲ್ಮಿನದೇ ಒಂದು ಮೂಲೆ ಕತ್ತರಿಸಿ ಗುರುತು ಮಾಡುತ್ತೇನೆ. ಮರೆತರೂ ಉಪಾಯವಿದೆ. ಹಾಳಾದ ಕ್ಯಾಲ್ಕುಲೇಟರ್‌ ಪರದೆಯ ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವಂಥದ್ದು) ಕಿತ್ತುಕೊಳ್ಳಿ. ಒಂದೇ ಹಾಳೆ ಸಾಕು. ಅದರ ಮೂಲಕ ನೋಡುತ್ತ ಫಿಲ್ಮ್ ತಿರುಗಿಸಿ. ಫಿಲ್ಮಿನ ಕಿತ್ತಳೆ ಬಣ್ಣ ತೀರಾ ಗಾಢವಾದಾಗ ಅಣುಗಳು ಪೋಲರಾಯ್ಡ್ ಬೆಳಕು ಬಿಡುವ ದಿಕ್ಕಿಗೇ ಇವೆ. ಅಡ್ಡಡ್ಡ ಇಟ್ಟ ಎರಡು ಹಾಳೆಗಳ ನಡುವೆ ನೋಡಿದರೆ 0 ಡಿಗ್ರಿಗೂ ಕತ್ತಲು, 90ಕ್ಕೂ ಕತ್ತಲು, ಯಾವುದು ಅಣುಗಳ ದಿಕ್ಕು ಅಂತ ಗೊತ್ತಾಗುವುದಿಲ್ಲ. ಅದು ಮಚ್ಚೆ ಹಿಡಿಯಲು ಮಾತ್ರ ಒಳ್ಳೆಯದು.

ಕುಮಟಾದಿಂದ: ಮಳೆಯನ್ನೂ ಬಿಡಬೇಡಿ. ಪಿವಿಎ ನೀರು ಕುಡಿಯುತ್ತದೆ. ನಮ್ಮಲ್ಲಿ ಜುಲೈನಲ್ಲಿ ಹಪ್ಪಳವೇ ಒಣಗುವುದಿಲ್ಲ, ಇದು ಒಣಗುತ್ತದಾ? ಗಾಜನ್ನು ಓವನ್‌ನಲ್ಲಿ ಒಣಗಿಸಿ, ಆರಿದ ತಕ್ಷಣ ಉಜ್ಜಿ, ಅದೇ ದಿನ ಸೆಲ್ (ಎರಡು ಗಾಜುಗಳ ಜೋಡಿ) ಕಟ್ಟಿ. ಮಖಮಲ್ ಬಟ್ಟೆಯನ್ನು ಒಂದೇ ಕಡೆ ಎಳೆಯಿರಿ, ಪಾತ್ರೆ ತಿಕ್ಕಿದ ಹಾಗೆ ಹಿಂದೆ ಮುಂದೆ ಬೇಡ.

ದಾಂಡೇಲಿಯಿಂದ: ಗಾಜುಗಳ ನಡುವೆ ತುಂಬಿದ ಮಿಶ್ರಣವನ್ನು ಯಾವ ಬೆಳಕಿನಲ್ಲಿ ಗಟ್ಟಿ ಮಾಡುತ್ತಿದ್ದೀರಿ? ಯುವಿಯಾದರೆ ಮಚ್ಚೆಗೆ ಅದೂ ಕಾರಣ ಇರಬಹುದು. ಯುವಿ ಬಿದ್ದ ಅಜೋಬೆಂಜೀನ್ ಮೊಣಕೈ ಮಡಚಿದ ಹಾಗಾಗಿ ಅಕ್ಕಪಕ್ಕದ ಸಾಲನ್ನೂ ಕೆಡಿಸುತ್ತದೆ. ಹಸಿರು ಬೆಳಕಿಗೆ ಕೆಲಸ ಮಾಡುವ ಇನಿಶಿಯೇಟರ್ (ಗಟ್ಟಿಯಾಗುವುದನ್ನು ಶುರು ಮಾಡಿಸುವ ರಾಸಾಯನಿಕ) ಹಾಕಿ. ಮಿಶ್ರಣ ತಿಳಿಯಾಗುವಷ್ಟು ಬಿಸಿಯಿದ್ದಾಗ ತುಂಬಿಸಿ, ನಿಧಾನ ತಣಿಸಿ, ಅಣುಗಳು ಒಂದೇ ದಿಕ್ಕಿಗೆ ಮಲಗುವ ನೆಮ್ಯಾಟಿಕ್ ಹಂತದಲ್ಲೇ ಗಟ್ಟಿ ಮಾಡಿ. ಅಂದಹಾಗೆ ಉಜ್ಜದೆಯೂ ಆಗುತ್ತದೆ. 2003ರಲ್ಲಿ ಜಪಾನಿನ ಟೊಮಿಕಿ ಇಕೆಡಾ ಅವರ ತಂಡ ಅಣುಗಳಿಗೆ ಒಂದೇ ದಿಕ್ಕಿಲ್ಲದ ಫಿಲ್ಮನ್ನೇ ಧ್ರುವೀಕರಿಸಿದ (ಒಂದೇ ದಿಕ್ಕಿಗೆ ಕಂಪಿಸುವ) ಬೆಳಕಿನಿಂದ ಬೇಕಾದ ಕಡೆ ಬಾಗಿಸಿತ್ತು.

ಮತ್ತೆ ಕಾರವಾರದಿಂದ: ಕ್ಯಾಲ್ಕುಲೇಟರ್ ಬಿಚ್ಚಿದೆ. ಸುತ್ತಿಕೊಂಡಿದ್ದ ಪಟ್ಟಿಯಲ್ಲಿ ಅಣುಗಳು ಓರೆಗೇ ಇವೆ. ಉಳಿದ ಫಿಲ್ಮಿನಲ್ಲಿ ದಿಕ್ಕು ನೋಡಿ ಮೂರು ಪಟ್ಟಿ ಕೊಯ್ದೆ, ಮೂರೂ ನೇರ ಬಾಗಿದವು! ಮಚ್ಚೆ ಮಾತ್ರ ಹಾಗೇ ಇದೆ. ನಾಳೆ ಓವನ್.