‘ಜಾಮೀನು ರಹಿತ’ ಅಂದರೆ ಜಾಮೀನೇ ಇಲ್ಲ ಅಂತಲಾ?

ಎಲ್ಲರಿಗೂ ನಮಸ್ಕಾರ.

ಗೋಣಿಕೊಪ್ಪದಲ್ಲಿ ಕಾಫಿ, ಕರಿಮೆಣಸಿನ ವ್ಯಾಪಾರಿಗಳಿಗೆ ಜಿಎಸ್‌ಟಿ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಮೊನ್ನೆ ಪಕ್ಕದ ಅಂಗಡಿಯ ಮಾವ ಪೇಪರ್ ಹಿಡಿದುಕೊಂಡೇ ಒಳಗೆ ಬಂದರು. ನಕಲಿ ಬಿಲ್ಲಿನ ಕೇಸಿನಲ್ಲಿ ಒಬ್ಬ ಆರೋಪಿಗೆ ಜಾಮೀನು ಸಿಕ್ಕಿತ್ತು. “ಹೋದ ತಿಂಗಳು ಇದೇ ಪೇಪರಲ್ಲಿ ಜಾಮೀನು ರಹಿತ ಅಪರಾಧ ಅಂತ ಬರೆದಿದ್ರು. ಈಗ ಎಲ್ಲಿಂದ ಬಂತು ಜಾಮೀನು? ಯಾರದೋ ಕೈ ಬೆಚ್ಚಗೆ ಮಾಡಿದ್ದಾರೆ, ಅಲ್ವಾ?” ಅಂದರು.

ಇದರಲ್ಲಿ ಮಾವನ ತಪ್ಪೇನೂ ಇಲ್ಲ. ಸಕ್ಕರೆ ರಹಿತ ಕಾಫಿ ಅಂದರೆ ಅದರಲ್ಲಿ ಸಕ್ಕರೆ ಇರುವುದಿಲ್ಲ. ಹಾಗಾದರೆ ಜಾಮೀನು ರಹಿತ ಅಂದರೆ?

ಕಾನೂನಿನ ಲೆಕ್ಕ ಬೇರೆ. ಕೆಲವು ಅಪರಾಧಗಳಲ್ಲಿ ಜಾಮೀನು ಆರೋಪಿಯ ಹಕ್ಕು, ಬಿಡಲೇಬೇಕು. ಉಳಿದವುಗಳಲ್ಲಿ ಕೇಳಿಕೊಳ್ಳಬೇಕು, ಕೊಡುವುದು ಬಿಡುವುದು ಕೋರ್ಟಿಗೆ ಸೇರಿದ್ದು. ಪೇಪರಿನವರು ‘ರಹಿತ’ ಅನ್ನುವುದು ಈ ಎರಡನೆಯದಕ್ಕೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 132ನೇ ಕಲಂ ನೋಡಿ. ಸರಕು ಕೊಡದೆ ಸುಮ್ನೆ ಬಿಲ್ಲು ಬರೆದು ತಪ್ಪಿಸಿದ ತೆರಿಗೆ 4 ಕೋಟಿ 90 ಲಕ್ಷ ಆದರೆ ಜಾಮೀನು ಹಕ್ಕು. ಅದೇ ಬಿಲ್ಲು, ಅದೇ ಕಳ್ಳಾಟ, ಮೊತ್ತ 5 ಕೋಟಿ ದಾಟಿದರೆ ‘ರಹಿತ’. ಶಿಕ್ಷೆ ಹೆಚ್ಚೆಂದರೆ 5 ವರ್ಷ.

ಹಾಗೆ ‘ರಹಿತ’ವಾದಾಗ ಜಡ್ಜ್ ಮುಖ್ಯವಾಗಿ ನೋಡುವುದು ಮೂರು ವಿಷಯ. ಇವನು ಓಡಿಹೋಗುತ್ತಾನಾ, ಸಾಕ್ಷ್ಯ ಕೆಡಿಸುತ್ತಾನಾ, ಸಾಕ್ಷಿಗಳನ್ನು ಹೆದರಿಸುತ್ತಾನಾ. ಬಿಲ್ಲಿನ ಕೇಸುಗಳಲ್ಲಿ ಸಾಕ್ಷ್ಯವೆಲ್ಲ ಹೆಚ್ಚಾಗಿ ಕಾಗದ, ಕಂಪ್ಯೂಟರ್‌ಗಳಲ್ಲೇ ಇರುತ್ತದೆ. ಅವನ್ನು ಇಲಾಖೆಯವರು ಮೊದಲೇ ಹೊತ್ತೊಯ್ದಿರುತ್ತಾರೆ. ಇಂಥ ಕೇಸಿನಲ್ಲಿ ಕೆಳಗಿನ ಕೋರ್ಟುಗಳು ಜಾಮೀನು ಕೊಡಲಿಲ್ಲ ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಅಚ್ಚರಿಪಟ್ಟಿತ್ತು. ಇನ್ನೂ ಒಂದು ತಮಾಷೆ ಇದೆ. ಒಳಗಿಟ್ಟ 60 ದಿನದಲ್ಲಿ ಇಲಾಖೆ ಕೋರ್ಟಿಗೆ ದೂರು ಸಲ್ಲಿಸದಿದ್ದರೆ, ಈ ‘ಜಾಮೀನು ರಹಿತ’ ಆರೋಪಿಗೂ ಜಾಮೀನು ಹಕ್ಕಾಗಿಬಿಡುತ್ತದೆ!

ಬಂಧನಕ್ಕೆ ಮೊದಲೇ ಪಡೆಯುವ ‘ನಿರೀಕ್ಷಣಾ ಜಾಮೀನು’ ಕೂಡ ಹೀಗೇ ಎಡವಟ್ಟು. ಅಲ್ಲಿ ನಿರೀಕ್ಷೆ ಇರುವುದು ಬಂಧನದ್ದು, ಜಾಮೀನಿನದ್ದಲ್ಲ. ಅದಿರಲಿ.

‘ಜಾಮೀನು’ ಪದಕ್ಕೂ ಒಂದು ಕಥೆ ಇದೆ. ಅರಬ್ಬಿಯಲ್ಲಿ ‘ಜಾಮಿನ್’ ಅಂದರೆ ಹೊಣೆ ಹೊರುವ ಮನುಷ್ಯ. ನಮ್ಮಲ್ಲಿಗೆ ಬರುವಷ್ಟರಲ್ಲಿ ಮನುಷ್ಯ ಹೋಗಿ ಹೊಣೆ ಮಾತ್ರ ಉಳಿಯಿತು. ಆಮೇಲೆ ಮನುಷ್ಯನಿಗೆ ‘ಜಾಮೀನುದಾರ’ ಅಂತ ಬೇರೆ ಪದ ಕಟ್ಟಿಕೊಂಡೆವು. ಈಗ “ಜಾಮೀನು ಕೊಟ್ಟರು” ಅಂದರೆ ಕೊಟ್ಟವರು ಜಡ್ಜೋ, ಪಹಣಿ ಹಿಡಿದು ಕೋರ್ಟಿಗೆ ಹೋದ ಭಾವನೋ ಗೊತ್ತಾಗುವುದಿಲ್ಲ. ನಮ್ಮ ಕೊಡಗಿನಲ್ಲಿ ಭಾವನ ಪಾಡು ಕೇಳಬೇಡಿ. ಜಮ್ಮಾ ಜಾಗ, ಅಂದರೆ ತಲೆಮಾರುಗಳಿಂದ ಕುಟುಂಬಕ್ಕೇ ಸೇರಿದ ಭೂಮಿ ಆದರೆ, ಪಹಣಿಯಲ್ಲಿ ಹೆಚ್ಚಾಗಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರು, ಜೊತೆಗೆ ಕುಟುಂಬದವರದ್ದೆಲ್ಲ. ಇವರೊಬ್ಬರೇ ಹೊಣೆ ನಿಲ್ಲುತ್ತೇನೆ ಅಂದರೆ ಸಾಕಾಗುವುದಿಲ್ಲ.

ಈಗ ನನ್ನ ಪ್ರಶ್ನೆ. ‘ರಹಿತ’ದ ಬದಲು ಏನು ಬರೆಯಬಹುದು? ‘ಜಾಮೀನೀಯವಲ್ಲದ’ ಅಂತ ಕಾನೂನಿನ ಕನ್ನಡದಲ್ಲಿ ಓದಿದ್ದೇನೆ. ನಾಲಿಗೆಗೂ ಕಷ್ಟ, ಅರ್ಥವೂ ಅಷ್ಟಕ್ಕಷ್ಟೇ. ಜನರ ಬಾಯಲ್ಲಿರುವ ‘ಸ್ಟೇಷನ್ ಬೇಲ್’, ‘ಕೋರ್ಟ್ ಬೇಲ್’ ನನಗೆ ಎಷ್ಟೋ ವಾಸಿ ಅನ್ನಿಸುತ್ತದೆ. ಎಲ್ಲಿ ಸಿಗುತ್ತದೆ ಅನ್ನುವುದು ಪದದಲ್ಲೇ ಇದೆ. ಆದರೆ ಜಿಎಸ್‌ಟಿಯಲ್ಲಿ ಬಂಧಿಸುವುದು ಪೊಲೀಸರಲ್ಲ. ಹಕ್ಕಿನ ಜಾಮೀನು ಕೊಟ್ಟು ಬಿಡುವ ಅಧಿಕಾರವೂ ತೆರಿಗೆ ಅಧಿಕಾರಿಗೇ ಇದೆ. ಸ್ಟೇಷನ್ನೇ ಇಲ್ಲದ ಕಡೆ ಸ್ಟೇಷನ್ ಬೇಲ್ ಅನ್ನುವುದು ಹೇಗೆ? ‘ಹಕ್ಕಿನ ಜಾಮೀನು’, ‘ಕೇಳಿ ಪಡೆಯುವ ಜಾಮೀನು’ ಅಂದರೆ ನಡೆಯುತ್ತದಾ? ನಿಮ್ಮ ಕಡೆ ವಕೀಲರು, ಗುಮಾಸ್ತರು ಬಾಯಿಮಾತಿನಲ್ಲಿ ಏನನ್ನುತ್ತಾರೆ, ತಿಳಿಸಿ.